ಹಾಸನದಲ್ಲಿ ಅರ್ಥಶಾಸ್ತ್ರ ಸಿದ್ಧಾಂತದ ಸಮಾವೇಶ: ದಿನಾಂಕ ಗೊತ್ತುಮಾಡುವುದರಿಂದ ಲೆಕ್ಕ ಒಪ್ಪಿಸುವವರೆಗೆ

ಸಮೀಕ್ಷೆಯ ಅಂಕಿ-ಅಂಶ ಇಟ್ಟುಕೊಂಡು ಬರೆದ ಪ್ರಬಂಧವನ್ನು ಹತ್ತು ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಕೋಷ್ಟಕ ನೋಡಿದರೇ ಅರ್ಧ ವಿಷಯ ತಿಳಿದುಬಿಡುತ್ತದೆ. ಸಿದ್ಧಾಂತದ ಪ್ರಬಂಧ ಹಾಗಲ್ಲ. ಅದು ಜನರ ಕೊಡುಕೊಳ್ಳುವಿಕೆಯನ್ನು ನಿಯಮಗಳಿರುವ ಆಟದಂತೆ ಕಲ್ಪಿಸಿಕೊಂಡು, ತರ್ಕದಿಂದ ಒಂದು ಫಲಿತಾಂಶವನ್ನು, ಅಂದರೆ ಪ್ರಮೇಯವನ್ನು, ಸಾಧಿಸುತ್ತದೆ. ಆಟದಲ್ಲಿ ಇರುವವರು ಯಾರು, ಯಾರಿಗೆ ಯಾವ ಮಾಹಿತಿ ಗೊತ್ತು, ಯಾರು ಮೊದಲು ನಿರ್ಧಾರ ತೆಗೆದುಕೊಳ್ಳುತ್ತಾರೆ ಎಂಬುದು ಕೇಳುವವರ ತಲೆಯಲ್ಲಿ ಕೂರದೆ ಪ್ರಮೇಯ ಹೇಳಿ ಪ್ರಯೋಜನವಿಲ್ಲ. ಅದಕ್ಕೆ ಸಮಯ ಬೇಕು. ಆದ್ದರಿಂದ ಸಂಘಟಕರು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದ್ದು ಒಂದು ಪ್ರಬಂಧಕ್ಕೆ ಎಷ್ಟು ನಿಮಿಷ ಎಂಬುದನ್ನು. 45 ನಿಮಿಷ ಕೊಡಿ: ಮಂಡನೆಗೆ 30, ಪ್ರಶ್ನೆಗೆ 15. ಸಮಾವೇಶದ ಗಾತ್ರ, ಖರ್ಚು, ಕೋಣೆಗಳ ಸಂಖ್ಯೆ ಎಲ್ಲವೂ ಈ ಒಂದು ಸಂಖ್ಯೆಯಿಂದಲೇ ಹುಟ್ಟುತ್ತವೆ.

ಲೆಕ್ಕ ಹೀಗೆ. ಒಂದೇ ಸಭಾಂಗಣ, ದಿನಕ್ಕೆ 6 ಪ್ರಬಂಧ, ಎರಡು ದಿನ. ಮೂರನೇ ದಿನ ಮಧ್ಯಾಹ್ನ ಇನ್ನೂ 3. ಒಟ್ಟು 15 ಪ್ರಬಂಧ, ಎರಡು ಆಶಯ ಭಾಷಣ, ಸುಮಾರು 60 ಜನ. ಹಾಸನ ಅಥವಾ ಚಿಕ್ಕಮಗಳೂರಿನ ಒಂದು ಕಾಲೇಜು ವಿಭಾಗ ಚೆನ್ನಾಗಿ ನಡೆಸಬಹುದಾದ ಅಳತೆ ಇದು. 120 ಪ್ರಬಂಧ ಒಪ್ಪಿಕೊಂಡು ಆರು ಕೋಣೆಗಳಲ್ಲಿ ಏಕಕಾಲಕ್ಕೆ ತಲಾ 8 ನಿಮಿಷ ಕೊಟ್ಟರೆ ಪ್ರಮಾಣಪತ್ರ ಹೆಚ್ಚು ಹಂಚಬಹುದು, ಆದರೆ ಒಂದು ಪ್ರಮೇಯವೂ ಯಾರಿಗೂ ಅರ್ಥವಾಗುವುದಿಲ್ಲ.

ದಿನಾಂಕ

ಈ ಸೀಮೆಯಲ್ಲಿ ತಪ್ಪು ದಿನಾಂಕಕ್ಕೆ ಪರಿಹಾರವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಂತರೆ ಮಂಗಳೂರು ಕಡೆಯಿಂದ ಬರುವವರು ದಾರಿಯಲ್ಲೇ ಉಳಿಯುತ್ತಾರೆ. ದೀಪಾವಳಿಯ ಆಸುಪಾಸು ಹಾಸನ ಬೇಡವೇ ಬೇಡ. ವರ್ಷಕ್ಕೊಮ್ಮೆ ಆ ದಿನಗಳಲ್ಲಿ ಮಾತ್ರ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವುದರಿಂದ ಊರಿನ ಲಾಡ್ಜು, ಬಸ್ಸು, ಊಟದ ಹೋಟೆಲು ಎಲ್ಲವೂ ತುಂಬಿರುತ್ತವೆ. ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ದತ್ತ ಜಯಂತಿಯ ಬಂದೋಬಸ್ತು, ತಿಂಗಳ ಕೊನೆಗೆ ಹೊಸ ವರ್ಷದ ಪ್ರವಾಸಿಗರು. ಅಲ್ಲಿ ವಾರಾಂತ್ಯ ಯಾವ ತಿಂಗಳಾದರೂ ಕಷ್ಟ: ಶುಕ್ರವಾರ ಸಂಜೆಯಿಂದ ಹೋಮ್‌ಸ್ಟೇ ದರ ಏರುತ್ತದೆ, ಮುಳ್ಳಯ್ಯನಗಿರಿ ರಸ್ತೆಯಲ್ಲಿ ವಾಹನ ಸಾಲುಗಟ್ಟುತ್ತವೆ.

ಸಂಕ್ರಾಂತಿ ಕಳೆದ ಮೇಲೆ, ಗಣರಾಜ್ಯೋತ್ಸವಕ್ಕೆ ಮೊದಲು ಬರುವ ವಾರದ ಮಂಗಳವಾರ, ಬುಧವಾರ, ಗುರುವಾರ ಅತ್ಯುತ್ತಮ. ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಡಿಸೆಂಬರ್ ಸಮಾವೇಶವೂ, ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘ ಜನವರಿ ಮೊದಲ ದಿನಗಳಲ್ಲಿ ನಡೆಸುವ ವಾರ್ಷಿಕ ಸಭೆಯೂ ಅಷ್ಟರಲ್ಲಿ ಮುಗಿದಿರುತ್ತವೆ. ಇಲ್ಲಿ ತೋಟಗಳಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತಾ ರೋಬಸ್ಟಾ ಕೊಯ್ಲು ಶುರುವಾಗಿ, ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಖರೀದಿ ಜೋರಾಗಿರುತ್ತದೆ. ಮಾರುಕಟ್ಟೆಯ ಸಿದ್ಧಾಂತ ಮಾತಾಡಲು ಬಂದವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ದಿನಾಂಕ ಅಂತಿಮ ಮಾಡುವ ಮೊದಲು ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಕೇಳಿಕೊಳ್ಳಿ. ಪರೀಕ್ಷೆ ಇದ್ದರೆ ಸಭಾಂಗಣವೂ ಸಿಗದು, ವಿದ್ಯಾರ್ಥಿಗಳೂ ಸಿಗರು.

ಪ್ರಬಂಧ ಆಹ್ವಾನ ಮತ್ತು ಆಯ್ಕೆ

ಜನವರಿಯ ಸಮಾವೇಶಕ್ಕೆ ಆಹ್ವಾನ ಹಿಂದಿನ ಜೂನ್‌ನಲ್ಲಿ ಹೊರಡಬೇಕು. ಪ್ರಬಂಧ ಕಳಿಸಲು ಕೊನೆಯ ದಿನ ಆಗಸ್ಟ್ 31, ಫಲಿತಾಂಶ ಅಕ್ಟೋಬರ್ 10ರೊಳಗೆ. ರೈಲು ಟಿಕೆಟ್ ಕಾಯ್ದಿರಿಸುವುದಕ್ಕೂ ರಜೆ ಮಂಜೂರು ಮಾಡಿಸಿಕೊಳ್ಳುವುದಕ್ಕೂ ಆಗ ಸಮಯ ಸಾಲುತ್ತದೆ.

ಆಹ್ವಾನದಲ್ಲಿ ‘ಅರ್ಥಶಾಸ್ತ್ರದ ಎಲ್ಲ ವಿಷಯಗಳು’ ಎಂದು ಬರೆಯಬೇಡಿ. ಹಾಗೆ ಬರೆದರೆ ಸ್ವಸಹಾಯ ಸಂಘಗಳ ಸಮೀಕ್ಷೆಯೂ ಜಿಎಸ್‌ಟಿ ವಿಮರ್ಶೆಯೂ ಬರುತ್ತವೆ. ಅವು ಬೇರೆ ಸಮಾವೇಶಕ್ಕೆ ಸೇರಬೇಕಾದ ಒಳ್ಳೆಯ ಪ್ರಬಂಧಗಳು. ಅರ್ಥಶಾಸ್ತ್ರದ ಪತ್ರಿಕೆಗಳು ಬಳಸುವ ಜೆಇಎಲ್ ವರ್ಗೀಕರಣದ ಸಂಕೇತಗಳನ್ನೇ ಕೊಟ್ಟುಬಿಡಿ: ಆಟದ ಸಿದ್ಧಾಂತ ಮತ್ತು ಚೌಕಾಸಿಗೆ ಸಿ7, ಹರಾಜಿಗೆ ಡಿ44, ಸಾಮಾನ್ಯ ಸಮತೋಲನಕ್ಕೆ ಡಿ5, ಸಾಮಾಜಿಕ ಆಯ್ಕೆಗೆ ಡಿ71, ಅಸಮ ಮಾಹಿತಿಗೆ ಡಿ82. ಸಂಶೋಧಕರಿಗೆ ಇದು ತಕ್ಷಣ ಅರ್ಥವಾಗುತ್ತದೆ. 300 ಪದಗಳ ಸಾರಾಂಶ ಮಾತ್ರ ಕೇಳಿದರೆ ಸಾಲದು. ಪೂರ್ಣ ಪ್ರಬಂಧ, ಇಲ್ಲವೇ ಮಾದರಿ, ಊಹೆಗಳು ಮತ್ತು ಮುಖ್ಯ ಪ್ರಮೇಯ ಇರುವ 5 ಪುಟದ ವಿಸ್ತೃತ ಸಾರಾಂಶವನ್ನು ಪಿಡಿಎಫ್ ರೂಪದಲ್ಲೇ ಕೇಳಿ. ವರ್ಡ್ ಕಡತ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದಾಗ ಸಮೀಕರಣಗಳು ಚದುರುತ್ತವೆ, ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕನ್ನಡ ಅಕ್ಷರ ಓದಲಾಗದಂತಾಗುತ್ತದೆ.

60 ಪ್ರಬಂಧ ಬಂದವು ಎನ್ನಿ. ಪ್ರತಿಯೊಂದನ್ನೂ ಇಬ್ಬರು ಓದಬೇಕು, ಅಂದರೆ 120 ಓದು. ಒಬ್ಬರಿಗೆ 8ಕ್ಕಿಂತ ಹೆಚ್ಚು ಕೊಟ್ಟರೆ ಓದು ಮೇಲುಮೇಲಿನದಾಗುತ್ತದೆ, ಹಾಗಾಗಿ 15 ಜನ ಬೇಕು. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಐಐಎಂ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇವುಗಳಲ್ಲಿ ಆಟದ ಸಿದ್ಧಾಂತ ಅಥವಾ ಸೂಕ್ಷ್ಮ ಅರ್ಥಶಾಸ್ತ್ರ ಬಲ್ಲವರನ್ನು ಮೇ ತಿಂಗಳಲ್ಲೇ ಕೇಳಿಡಿ.

ಓದುವವರಿಗೆ ಮೂರು ಪ್ರಶ್ನೆ ಕೊಡಿ. ಪ್ರಮೇಯದ ಹೇಳಿಕೆ ಸ್ಪಷ್ಟವಾಗಿದೆಯೇ? ಯಾವುದಾದರೂ ಒಂದು ಊಹೆಯನ್ನು ತೆಗೆದರೆ ಫಲಿತಾಂಶ ಬೀಳುತ್ತದೆ ಎಂಬುದಕ್ಕೆ ಪ್ರತ್ಯುದಾಹರಣೆ ಇದೆಯೇ? ಗೊತ್ತಿರುವ ಫಲಿತಾಂಶಕ್ಕೆ ಇದು ಏನನ್ನು ಸೇರಿಸುತ್ತದೆ? ಆಮೇಲೆ 1ರಿಂದ 5ರವರೆಗೆ ಒಂದೇ ಒಂದು ಅಂಕ. ಹತ್ತು ಕಲಮುಗಳ ಅಂಕಪಟ್ಟಿಯಿಂದ ಸರಾಸರಿ ಹುಟ್ಟುತ್ತದೆ, ತೀರ್ಪು ಹುಟ್ಟುವುದಿಲ್ಲ. ಇಬ್ಬರ ಅಂಕದ ನಡುವೆ 2ಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರಿಗೆ ಕಳಿಸಿ. ಮಾರ್ಗದರ್ಶಕರ ಕೈಗೆ ಅವರದೇ ವಿದ್ಯಾರ್ಥಿಯ ಪ್ರಬಂಧ ಹೋಗದಂತೆ ನೋಡಿಕೊಳ್ಳಿ.

ಐಎಸ್‌ಬಿಎನ್ ಸಂಖ್ಯೆಯ ಸಂಪುಟ ತರುತ್ತೇವೆ ಎಂದು ಆಹ್ವಾನದಲ್ಲಿ ಬರೆಯುವ ರೂಢಿಯಿದೆ. ಸಿದ್ಧಾಂತದ ಸಮಾವೇಶಕ್ಕೆ ಅದು ಕೆಡುಕು. ಅರ್ಥಶಾಸ್ತ್ರದಲ್ಲಿ ಸಮಾವೇಶ ಎಂದರೆ ಕರಡನ್ನು ತಿದ್ದಿಕೊಳ್ಳುವ ಜಾಗ. ಪ್ರಕಟಣೆ ಆಮೇಲೆ ಪತ್ರಿಕೆಯಲ್ಲಿ. ಒಮ್ಮೆ ಪುಸ್ತಕದಲ್ಲಿ ಅಚ್ಚಾದದ್ದನ್ನು ಒಳ್ಳೆಯ ಪತ್ರಿಕೆ ಹೊಸತೆಂದು ಒಪ್ಪುವುದು ಕಷ್ಟ. ಗಟ್ಟಿ ಪ್ರಬಂಧ ಬರೆದವರು ಆ ಕಾರಣಕ್ಕೇ ದೂರ ಉಳಿಯುತ್ತಾರೆ. ಸಂಪುಟ ಇಲ್ಲ ಎಂದು ಮೊದಲ ಪುಟದಲ್ಲೇ ಬರೆಯಿರಿ.

ಹಣ, ಅನುಮತಿ

ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ವಿಚಾರಸಂಕಿರಣಗಳಿಗೆ ಅನುದಾನ ಕೊಡುತ್ತದೆ. ಅರ್ಜಿಗೂ ಮಂಜೂರಾತಿಗೂ ನಡುವೆ ತಿಂಗಳುಗಳೇ ಹಿಡಿಯುವುದರಿಂದ ಆ ಹಣ ಬರದಿದ್ದರೂ ನಡೆಯುವಂತೆ ಯೋಜನೆ ಮಾಡಿ. ಪ್ರತಿ ಬಿಲ್ಲೂ ಸಂಸ್ಥೆಯ ಹೆಸರಿನಲ್ಲೇ, ಜಿಎಸ್‌ಟಿ ಸಂಖ್ಯೆಯೊಂದಿಗೆ ಇರಬೇಕು. ಅತಿಥಿಗಳ ವಿಮಾನದ ಬೋರ್ಡಿಂಗ್ ಪಾಸ್ ಅಲ್ಲೇ ಕೇಳಿ ಪಡೆಯಿರಿ. ಊರು ಸೇರಿದ ಮೇಲೆ ಕೇಳಿದರೆ ಅದು ಸಿಗುವುದು ಅಪರೂಪ, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುವುದೂ ಬಹುಪಾಲು ಅಲ್ಲೇ.

ವಿದೇಶಿಯರನ್ನು ಕರೆಯುವುದಾದರೆ ಅವರು ಪ್ರವಾಸಿ ವೀಸಾದಲ್ಲಿ ಬಂದು ಪ್ರಬಂಧ ಮಂಡಿಸುವಂತಿಲ್ಲ, ಸಮಾವೇಶದ ವೀಸಾ ಬೇಕು. ಅದಕ್ಕೆ ಸಂಸ್ಥೆಯ ಆಹ್ವಾನಪತ್ರ ಮತ್ತು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಾಗುವುದರಿಂದ ಕನಿಷ್ಠ ಮೂರು ತಿಂಗಳ ಮೊದಲು ಕೆಲಸ ಶುರು ಮಾಡಿ. ಅವರು ಉಳಿಯುವ ಲಾಡ್ಜು ಅಥವಾ ಹೋಮ್‌ಸ್ಟೇ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಎಲ್ಲ ಹೋಮ್‌ಸ್ಟೇಗಳಿಗೂ ಇದರ ಅಭ್ಯಾಸ ಇರುವುದಿಲ್ಲ, ಕೋಣೆ ಕಾಯ್ದಿರಿಸುವಾಗಲೇ ಕೇಳಿ.

ದಾರಿಯ ವಿವರವನ್ನು ಒಂದು ಪುಟದಲ್ಲಿ ಬರೆದು ಕಳಿಸಿ. ಬೆಂಗಳೂರಿನಿಂದ ಹಾಸನ ರಸ್ತೆಯಲ್ಲಿ ಸುಮಾರು 185 ಕಿ.ಮೀ. 2017ರಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ನೇರ ರೈಲೂ ಇದೆ. ಹಾಸನದಿಂದ ಚಿಕ್ಕಮಗಳೂರು ಇನ್ನೂ 60 ಕಿ.ಮೀ. ಆಚೆ. ದೇವನಹಳ್ಳಿ ವಿಮಾನ ನಿಲ್ದಾಣ ನಗರದ ಇನ್ನೊಂದು ತುದಿಯಲ್ಲಿರುವುದರಿಂದ, ಹೆಬ್ಬಾಳಕ್ಕೆ ಬಾರದೆ ದೊಡ್ಡಬಳ್ಳಾಪುರದ ಕಡೆಯಿಂದ ನೆಲಮಂಗಲ ಸೇರುವಂತೆ ಚಾಲಕರಿಗೆ ಹೇಳಿ.

ಸಭಾಂಗಣ

ಸಿದ್ಧಾಂತದವರಿಗೆ ಹಲಗೆ ಬೇಕು. ಪ್ರಶ್ನೆ ಬಂದಾಗ ಉತ್ತರ ಸ್ಲೈಡಿನಲ್ಲಿ ಇರುವುದಿಲ್ಲ, ಅಲ್ಲೇ ಬರೆದು ತೋರಿಸಬೇಕಾಗುತ್ತದೆ. ಪರದೆ ಇಳಿಬಿಟ್ಟಾಗ ಹಲಗೆ ಪೂರ್ತಿ ಮುಚ್ಚಿಹೋಗುವ ಸಭಾಂಗಣಗಳೇ ನಮ್ಮಲ್ಲಿ ಹೆಚ್ಚು. ಅಂಥ ಕಡೆ ಪರದೆಯನ್ನು ಒಂದು ಮೂಲೆಗೆ ಸರಿಸಿ, ಕನಿಷ್ಠ 8 ಅಡಿ ಅಗಲದ ಹಲಗೆ ಕಾಣುವಂತೆ ಮಾಡಿ. ಹಾಸನದ ಹೇಮಗಂಗೋತ್ರಿಯಂಥ ಊರಾಚೆಯ ಆವರಣವಾದರೆ ಲಾಡ್ಜಿನಿಂದ ಬೆಳಿಗ್ಗೆ 8.15ಕ್ಕೆ ಒಂದೇ ಬಸ್ಸು ಹೊರಡಿಸುವುದು ಹತ್ತು ಕಾರುಗಳಿಗಿಂತ ಮೇಲು. ತಡವಾದರೆ ಎಲ್ಲರೂ ಒಟ್ಟಿಗೇ ತಡವಾಗುತ್ತಾರೆ, ಕಾರ್ಯಕ್ರಮವನ್ನು ಒಂದೇ ಸಲ ಸರಿಪಡಿಸಬಹುದು.

ಹಿಂದಿನ ದಿನ ಪರೀಕ್ಷಿಸಬೇಕಾದವು: ಎಚ್‌ಡಿಎಂಐ ಮತ್ತು ವಿಜಿಎ ಎರಡೂ ತಂತಿ, ಟೈಪ್-ಸಿ ಕೊಂಡಿ, ಎರಡು ಪಾಯಿಂಟರ್, ಹಿಂದಿನ ಸಾಲಿನಿಂದ ಸಮೀಕರಣದ ಕೆಳಗಿನ ಸಣ್ಣಕ್ಷರ ಓದಲು ಬರುತ್ತದೆಯೇ ಎಂಬುದು. ಕರೆಂಟು ಹೋಗಿ ಜನರೇಟರ್ ಹತ್ತುವ ಅರ್ಧ ನಿಮಿಷದಲ್ಲಿ ಪ್ರೊಜೆಕ್ಟರ್ ಆರಿದರೆ ಅದು ಮತ್ತೆ ಬಿಸಿಯಾಗಿ ಬೆಳಕು ಕೊಡಲು ಇನ್ನೆರಡು ಮೂರು ನಿಮಿಷ ಬೇಕು. ಪ್ರೊಜೆಕ್ಟರ್‌ಗೇ ಒಂದು ಯುಪಿಎಸ್ ಕೊಟ್ಟುಬಿಡಿ. ಎಲ್ಲರ ಸ್ಲೈಡುಗಳನ್ನೂ ಬೆಳಿಗ್ಗೆಯೇ ಒಂದು ಲ್ಯಾಪ್‌ಟಾಪ್‌ಗೆ ಹಾಕಿಕೊಂಡರೆ ಪ್ರತಿ ಬದಲಾವಣೆಗೆ ಐದು ನಿಮಿಷ ಉಳಿಯುತ್ತದೆ.

ಕಾರ್ಯಕ್ರಮ ಪಟ್ಟಿ

ಮೊದಲ ದಿನ 9ರಿಂದ 9.30 ಉದ್ಘಾಟನೆ, 10.30ರವರೆಗೆ ಆಶಯ ಭಾಷಣ, ಅರ್ಧ ಗಂಟೆ ಕಾಫಿ. 11ರಿಂದ 1.15ರವರೆಗೆ ಮೂರು ಪ್ರಬಂಧ. ಊಟದ ನಂತರ 2.30ರಿಂದ 4ರವರೆಗೆ ಎರಡು, ಮತ್ತೆ ಕಾಫಿ, 4.30ರಿಂದ 5.15ರವರೆಗೆ ಕೊನೆಯದು. ಎರಡನೇ ದಿನವೂ ಹೀಗೆಯೇ, ಉದ್ಘಾಟನೆ ಇರುವುದಿಲ್ಲ ಅಷ್ಟೆ.

ಉದ್ಘಾಟನೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮನಸ್ಸು ಮಾಡಿದರೆ. ನಾಡಗೀತೆಗೆ ಸರ್ಕಾರ ನಿಗದಿಪಡಿಸಿರುವ ಅವಧಿ 2 ನಿಮಿಷ 30 ಸೆಕೆಂಡು. ದೀಪ ಬೆಳಗಲು 2 ನಿಮಿಷ, ಸ್ವಾಗತಕ್ಕೆ 5, ಅಧ್ಯಕ್ಷರ ಮಾತಿಗೆ 10. ಸಮಯ ನುಂಗುವುದು ವೇದಿಕೆಯ ಮೇಲಿನ ಪ್ರತಿಯೊಬ್ಬರಿಗೂ ಪರಿಚಯ, ಶಾಲು, ಹಾರ, ಪೇಟ, ಸ್ಮರಣಿಕೆ. ಒಬ್ಬರಿಗೆ 4 ನಿಮಿಷ ಹಿಡಿದರೂ ಹತ್ತು ಜನಕ್ಕೆ 40 ನಿಮಿಷ, ಅಂದರೆ ಹೆಚ್ಚುಕಡಿಮೆ ಒಂದು ಪೂರ್ತಿ ಪ್ರಬಂಧದ ಸಮಯ. ಗೌರವಕ್ಕೆ ಕುಂದು ಬಾರದಂತೆ ಈ ಸಮಯ ಉಳಿಸುವ ದಾರಿ ಇದೆ: ವೇದಿಕೆಯ ಮೇಲೆ ನಾಲ್ವರು, ಉಳಿದ ಗಣ್ಯರನ್ನು ಎರಡನೇ ದಿನ ಸಂಜೆಯ ಸಾರ್ವಜನಿಕ ಉಪನ್ಯಾಸಕ್ಕೆ ಕರೆದು ಅಲ್ಲಿ ಸನ್ಮಾನಿಸಿ. ಊರಿನವರೂ ಬರುವ ಆ ಸಭೆಯಲ್ಲಿ ಅದಕ್ಕೆ ಹೆಚ್ಚು ಶೋಭೆ.

ಉಳಿದ ನಿಮಿಷ ತೋರಿಸಲು ಗೋಷ್ಠಿಯ ಅಧ್ಯಕ್ಷರಿಗೆ 10, 5, 1 ಎಂದು ಬರೆದ ಮೂರು ಫಲಕ ಕೊಡಿ. ಹಿರಿಯ ಪ್ರಾಧ್ಯಾಪಕರನ್ನು ತಡೆಯಲು ಕಿರಿಯರು ಹಿಂಜರಿಯುತ್ತಾರೆ, ಆದ್ದರಿಂದ ಹಿರಿಯರು ಮಾತಾಡುವ ಗೋಷ್ಠಿಗೆ ಇನ್ನೊಬ್ಬ ಹಿರಿಯರೇ ಅಧ್ಯಕ್ಷರಾಗಿರಲಿ. ಇನ್ನು ಕಾಫಿ: 100 ಮಿ.ಲೀ. ಲೋಟಕ್ಕೆ 75 ಮಿ.ಲೀ. ಹಾಲಾದರೆ 60 ಜನಕ್ಕೆ ಒಂದು ಸುತ್ತಿಗೆ ನಾಲ್ಕೂವರೆ ಲೀಟರ್. ಎರಡನೇ ಲೋಟ ಕೇಳುವವರಿಗೆಂದು ಆರು ಲೀಟರ್ ಇಟ್ಟುಕೊಳ್ಳಿ. ಕಾಫಿ ನಾಡಿಗೆ ಬಂದವರಿಗೆ ಯಂತ್ರದ ಪುಡಿ ಕಾಫಿ ಕೊಡಬೇಡಿ.

ಮಂಡಿಸುವವರಿಗೆ

30 ನಿಮಿಷಕ್ಕೆ 15 ಸ್ಲೈಡು ಸಾಕು. ಆ ವಿಷಯದ ಹಿಂದಿನ ಸಂಶೋಧನೆಗಳ ಪಟ್ಟಿಗೆ ಹತ್ತು ನಿಮಿಷ ಕಳೆಯುವುದೇ ಎಲ್ಲರೂ ಮಾಡುವ ತಪ್ಪು. ಒಂದು ಸ್ಲೈಡು, ಒಂದು ನಿಮಿಷ. ಮೊದಲು ಇಬ್ಬರೇ ಆಟಗಾರರಿರುವ ಸಣ್ಣ ಉದಾಹರಣೆಯನ್ನು ಅಂಕಿಗಳಲ್ಲಿ ಬಿಡಿಸಿ, ಆಮೇಲೆ ಮಾದರಿ. ಹತ್ತನೇ ನಿಮಿಷಕ್ಕೆ ಪ್ರಮೇಯ ಪರದೆಯ ಮೇಲಿರಲಿ. ಸಂಕೇತಗಳ ಅರ್ಥವನ್ನು ಹಲಗೆಯ ಎಡಭಾಗದಲ್ಲಿ ಬರೆದು ಕೊನೆಯವರೆಗೂ ಅಳಿಸಬೇಡಿ. ರುಜುವಾತಿನ ಪ್ರತಿ ಸಾಲನ್ನೂ ಹೇಳುವ ಬದಲು, ಯಾವ ಹೆಜ್ಜೆಯಲ್ಲಿ ಯಾವ ಊಹೆ ಕೆಲಸ ಮಾಡುತ್ತದೆ ಎಂಬುದನ್ನು ಹೇಳಿ.

ಹಿಂದಿನ ದಿನದ ತರಗತಿ

ಇದನ್ನು ಬಿಟ್ಟರೆ ಊರಿಗೆ ಸಮಾವೇಶದಿಂದ ಸಿಗುವುದು ಕಡಿಮೆ. ಸೋಮವಾರ, ಅಂದರೆ ಹಿಂದಿನ ದಿನ, ಸ್ಥಳೀಯ ಎಂಎ ಮತ್ತು ಕೊನೆಯ ವರ್ಷದ ಬಿಎ ವಿದ್ಯಾರ್ಥಿಗಳಿಗೆ ಕನ್ನಡದಲ್ಲೇ ಅರ್ಧ ದಿನದ ತರಗತಿ ಇಡಿ. ಹರಾಜನ್ನೇ ವಿಷಯವಾಗಿ ತೆಗೆದುಕೊಳ್ಳಿ, ಭಾಷಣ ಮಾಡದೆ ಆಡಿಸಿ.

30 ವಿದ್ಯಾರ್ಥಿಗಳನ್ನು ಐದೈದರ ಆರು ಗುಂಪು ಮಾಡಿ. 0ರಿಂದ 100ರವರೆಗೆ ಸಂಖ್ಯೆ ಬರೆದ ಚೀಟಿಗಳನ್ನು ಕಲಸಿ ತಲಾ ಒಂದು ಕೊಡಿ. ಆ ಸಂಖ್ಯೆಯೇ ಸರಕಿಗೆ ಆತನ ಮಟ್ಟಿಗಿನ ಬೆಲೆ. ಅದನ್ನು ಯಾರಿಗೂ ತೋರಿಸದೆ ಇನ್ನೊಂದು ಚೀಟಿಯಲ್ಲಿ ಕೂಗು ಬರೆದು ಮಡಚಿ ಕೊಡಬೇಕು. ಹೆಚ್ಚು ಬರೆದವರು ಗೆದ್ದು, ಬರೆದಷ್ಟೇ ತೆರುತ್ತಾರೆ. ಚೀಟಿಯ ಸಂಖ್ಯೆಯಿಂದ ಅದನ್ನು ಕಳೆದರೆ ಉಳಿಯುವುದು ಲಾಭ. ಹೀಗೆ 10 ಸುತ್ತು. ಪ್ರತಿ ಸುತ್ತಿನಲ್ಲೂ ಕೂಗನ್ನು ಬೆಲೆಯಿಂದ ಭಾಗಿಸಿ ಹಲಗೆಯ ಮೇಲೆ ಬರೆಯಿರಿ. ಎಲ್ಲರೂ ಹಾಗೆಯೇ ಆಡುವಾಗ ಒಬ್ಬರೇ ಬದಲಿಸಿದರೆ ಲಾಭವಾಗದ ಕೂಗಿಗೆ ಸಮತೋಲನದ ಕೂಗು ಎನ್ನುತ್ತಾರೆ. ಐವರಿರುವಾಗ ಅದು ಬೆಲೆಯ ಐದರಲ್ಲಿ ನಾಲ್ಕು ಪಾಲು, ಅಂದರೆ 0.8, ಇಬ್ಬರೇ ಇದ್ದರೆ ಅರ್ಧ. ಇಂಥ ಪ್ರಯೋಗಗಳಲ್ಲಿ ಜನ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಕೂಗುತ್ತಾರೆ ಎಂಬುದು ಅರ್ಥಶಾಸ್ತ್ರಜ್ಞರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಏಕೆ ಎಂಬ ಚರ್ಚೆಗೆ 20 ನಿಮಿಷ ಕೊಡಿ.

ಎರಡನೇ ಭಾಗದಲ್ಲಿ ನಿಯಮ ಬದಲಿಸಿ: ಗೆದ್ದವರು ತೆರುವುದು ಎರಡನೇ ದೊಡ್ಡ ಕೂಗನ್ನು. ವಿಲಿಯಂ ವಿಕ್ರಿ 1961ರಲ್ಲಿ ವಿಶ್ಲೇಷಿಸಿದ್ದು ಇದನ್ನೇ. 1996ರಲ್ಲಿ ಅವರಿಗೆ ನೊಬೆಲ್ ಬಂತು. ಒಂದು ಮೂಟೆ ಕಾಫಿ ಒಬ್ಬ ವ್ಯಾಪಾರಿಗೆ ₹20,000 ಬಾಳುತ್ತದೆ ಎಂದಿಟ್ಟುಕೊಳ್ಳಿ. ಅವರು ₹22,000 ಬರೆದು, ಇನ್ನೊಬ್ಬರು ₹21,000 ಬರೆದಿದ್ದರೆ ಗೆದ್ದು ₹1,000 ಕಳೆದುಕೊಳ್ಳುತ್ತಾರೆ. ₹18,000 ಬರೆದು, ಇನ್ನೊಬ್ಬರು ₹19,000 ಬರೆದಿದ್ದರೆ ಬರಬಹುದಾಗಿದ್ದ ₹1,000 ಲಾಭ ಕೈತಪ್ಪುತ್ತದೆ. ಉಳಿದವರು ಏನೇ ಬರೆದಿರಲಿ, ಇದ್ದ ಬೆಲೆಯನ್ನೇ ಬರೆಯುವುದಕ್ಕಿಂತ ಮೇಲಾದ ದಾರಿ ಇಲ್ಲ. ಇಷ್ಟು ತಿಳಿದ ವಿದ್ಯಾರ್ಥಿ ಮರುದಿನದ ಗೋಷ್ಠಿಯಲ್ಲಿ ಕೂತು ಕೇಳಬಲ್ಲ.

ಇಲ್ಲಿ ಕೆಡುವುದು ಎರಡು ಕಡೆ. ಗುಂಪಿನೊಳಗೆ ಚೀಟಿ ತೋರಿಸಿಕೊಂಡರೆ ಆಟ ಮುಗಿದಂತೆ, ಆದ್ದರಿಂದ ಒಂದೇ ಗುಂಪಿನವರನ್ನು ದೂರ ದೂರ ಕೂರಿಸಿ. ಪಣವಿಲ್ಲದಿದ್ದರೆ ಮನಸ್ಸಿಗೆ ಬಂದದ್ದು ಬರೆಯುತ್ತಾರೆ. ಲಾಭದ ಒಂದು ಅಂಕಕ್ಕೆ 50 ಪೈಸೆ ಕೊಡಿ. ಸಮತೋಲನದಂತೆ ಆಡಿದರೆ ಒಂದು ಸುತ್ತಿಗೆ ಒಂದು ಗುಂಪಿನ ಲಾಭ ಸರಾಸರಿ 17 ಅಂಕ, ಹತ್ತು ಸುತ್ತಿಗೆ ಆರು ಗುಂಪು ಸೇರಿ ₹500ರ ಆಸುಪಾಸು ಖರ್ಚು.

ಮಾರುಕಟ್ಟೆಗೆ ಅರ್ಧ ದಿನ

ಮೂರನೇ ದಿನ ಬೆಳಿಗ್ಗೆ ಅತಿಥಿಗಳನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ಯುವುದು ವಾಡಿಕೆ. ಅವನ್ನು ಬೇಕಾದವರು ಮರುದಿನ ನೋಡಲಿ. ಬಸ್ಸನ್ನು ಅರಸೀಕೆರೆ ಎಪಿಎಂಸಿಗೆ ಹೊರಡಿಸಿ. ಹಾಸನದಿಂದ ಸುಮಾರು ಒಂದು ಗಂಟೆಯ ದಾರಿ. ಕೊಬ್ಬರಿ ವಹಿವಾಟಿನ ದಿನ ಯಾವುದೆಂದು ಮಾರುಕಟ್ಟೆ ಕಾರ್ಯದರ್ಶಿಯವರಲ್ಲಿ ಮೊದಲೇ ವಿಚಾರಿಸಿ ಪತ್ರದ ಮೂಲಕ ಅನುಮತಿ ಪಡೆಯಿರಿ. ದಿನ ಹೊಂದದಿದ್ದರೆ ಪ್ರವಾಸವನ್ನೇ ಬೇರೆ ದಿನಕ್ಕೆ ಹಾಕಿ, ಪ್ರಬಂಧಗಳನ್ನು ಸರಿಸಿ.

ರೈತರ ಸರಕು ಲಾಟುಗಳಾಗಿ ನೋಂದಣಿಯಾಗಿ, ವ್ಯಾಪಾರಿಗಳು ಗೊತ್ತಾದ ಹೊತ್ತಿನೊಳಗೆ ಕಂಪ್ಯೂಟರಿನಲ್ಲಿ ದರ ನಮೂದಿಸಿ, ಹೆಚ್ಚು ಬರೆದವರಿಗೆ ಅವರು ಬರೆದ ದರದಲ್ಲೇ ಸರಕು ಹೋಗುವ ಇ-ಟೆಂಡರ್ ಪದ್ಧತಿ ಸೋಮವಾರ ವಿದ್ಯಾರ್ಥಿಗಳು ಆಡಿದ ಮೊದಲ ಆಟವೇ. ಒಂದು ಲಾಟಿಗೆ ಎಷ್ಟು ಜನ ದರ ಹಾಕುತ್ತಾರೆ ಎಂಬುದು ರೈತನಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. 0–100ರ ಆಟದಲ್ಲಿ ಇಬ್ಬರಿದ್ದರೆ ಮಾರುವವನಿಗೆ ಸರಾಸರಿ 33, ಐವರಿದ್ದರೆ 67. ಐವರು ಒಳಗೊಳಗೇ ಮಾತಾಡಿಕೊಂಡರೆ ಇಬ್ಬರಿದ್ದಾಗ ಸಿಗುವಷ್ಟೂ ಸಿಗದು. ಹಿಂದಿನ ವಹಿವಾಟಿನ ಲಾಟುವಾರು ಫಲಿತಾಂಶದ ಪ್ರತಿ ಸಿಗುತ್ತದೆಯೇ ಕೇಳಿ. ಆ ದಿನದ ಫಲಿತಾಂಶ ಬರುವ ಹೊತ್ತಿಗೆ ಬಸ್ಸು ಹಿಂದಿರುಗಿರುತ್ತದೆ.

ಉಂಡೆ ಕೊಬ್ಬರಿಯ ಒಳಗು ಒಡೆಯದೆ ತಿಳಿಯದು. ಹಾಗಾಗಿ ಪ್ರತಿ ವ್ಯಾಪಾರಿಯ ದರದಲ್ಲೂ ಒಂದು ಅಂದಾಜು ಅಡಗಿರುತ್ತದೆ, ಗೆದ್ದವರದು ಎಲ್ಲರಿಗಿಂತ ಹೆಚ್ಚಿನ ಅಂದಾಜು, ಬಹುಶಃ ಅತಿಯಾದ ಅಂದಾಜು. 2020ರ ನೊಬೆಲ್ ಪಡೆದ ಪಾಲ್ ಮಿಲ್‌ಗ್ರೋಮ್ ಮತ್ತು ರಾಬರ್ಟ್ ವಿಲ್ಸನ್ ಕೆಲಸದ ಒಂದು ಮುಖ್ಯ ಭಾಗ ಇದೇ. ಚಿಕ್ಕಮಗಳೂರಿನಲ್ಲಿ ಸಮಾವೇಶವಾದರೆ ಕಾಫಿ ವ್ಯಾಪಾರಿಯ ಮಂಡಿಗೆ ಹೋಗಿ: ತೇವಾಂಶ ಅಳೆದು, ಸ್ವಲ್ಪ ಚೆರ್ರಿಯ (ಒಣಗಿಸಿದ ಕಾಫಿ ಹಣ್ಣಿನ) ಸಿಪ್ಪೆ ಬಿಡಿಸಿ, ಎಷ್ಟು ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ನೋಡಿ 50 ಕಿಲೋ ಮೂಟೆಗೆ ದರ ಕಟ್ಟುವುದನ್ನು ಕಾಣಬಹುದು. ಸರಕಿನ ಗುಣ ಮಾರುವವರಿಗೆ ಮಾತ್ರ ಗೊತ್ತಿದ್ದರೆ ಒಳ್ಳೆಯ ಸರಕು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತದೆ ಎಂದು ಜಾರ್ಜ್ ಅಕರ್‌ಲಾಫ್ 1970ರಲ್ಲಿ ತೋರಿಸಿದ ತೊಡಕಿಗೆ ಈ ಪರೀಕ್ಷೆಯೇ ಬೆಳೆಗಾರರ ಉತ್ತರ. 1990ರ ದಶಕದ ನಡುಭಾಗದವರೆಗೆ ಎಲ್ಲ ಬೆಳೆಗಾರರ ಕಾಫಿಯನ್ನೂ ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲಿಗೆ ಕಾಫಿ ಒಪ್ಪಿಸಿದ ಹಿರಿಯ ಬೆಳೆಗಾರರೊಬ್ಬರು ಜೊತೆಗಿದ್ದರೆ ಎರಡು ವ್ಯವಸ್ಥೆಗಳ ಹೋಲಿಕೆ ಅಲ್ಲೇ ಸಿಗುತ್ತದೆ. ಅವರ ಮಾತಿಗೆ ಇಂಗ್ಲಿಷ್ ಅನುವಾದ ಮಾಡಲು ಒಬ್ಬ ವಿದ್ಯಾರ್ಥಿಯನ್ನು ಮೊದಲೇ ಸಿದ್ಧಪಡಿಸಿ.

20 ಜನಕ್ಕಿಂತ ಹೆಚ್ಚು ಹೋಗಬೇಡಿ, ವಹಿವಾಟಿಗೆ ಅಡ್ಡಿಯಾಗುತ್ತದೆ. ದರ ಹಾಕುವವರ ಪರದೆಯ ಫೋಟೋ ಬೇಡ. ಮಧ್ಯಾಹ್ನ 2ರಿಂದ 4.15ರವರೆಗಿನ ಕೊನೆಯ ಮೂರು ಪ್ರಬಂಧಗಳ ಹೊತ್ತಿಗೆ ಜನ ಕರಗುವುದು ಸಹಜ, ಅದಕ್ಕೇ ಅತಿ ಗಟ್ಟಿಯಾದ, ಸಾಧ್ಯವಾದರೆ ಹರಾಜಿನ ಮೇಲಿನ ಪ್ರಬಂಧಗಳನ್ನೇ ಅಲ್ಲಿಡಿ.

ಮುಗಿದ ಮೇಲೆ

ಪ್ರತಿ ಗೋಷ್ಠಿಗೆ ಒಬ್ಬ ವಿದ್ಯಾರ್ಥಿ ಪ್ರಶ್ನೆಗಳನ್ನು ಬರೆದುಕೊಂಡಿರಬೇಕು. ಅದನ್ನೂ ಓದಿದವರ ಟಿಪ್ಪಣಿಯನ್ನೂ ಎರಡು ವಾರದೊಳಗೆ ಲೇಖಕರಿಗೆ ಕಳಿಸಿ. ತಿರಸ್ಕೃತರಾದ 45 ಜನಕ್ಕೂ ಕನಿಷ್ಠ ನಾಲ್ಕು ಸಾಲಿನ ಕಾರಣ ಹೋಗಿರಬೇಕು. ಸಣ್ಣ ಕಾಲೇಜುಗಳಲ್ಲಿ ಒಬ್ಬರೇ ಕೂತು ಸಿದ್ಧಾಂತದ ಕೆಲಸ ಮಾಡುವವರಿಗೆ ಎಷ್ಟೋ ಸಲ ಇದೊಂದೇ ವಿಮರ್ಶೆ. ಸ್ಲೈಡುಗಳನ್ನು ಒಪ್ಪಿಗೆ ಕೊಟ್ಟವರದು ಮಾತ್ರ ಹಂಚಿ. ಅನುದಾನ ಬಂದಿದ್ದರೆ ಲೆಕ್ಕಪರಿಶೋಧಕರ ಸಹಿಯಿರುವ ಹಣ ಬಳಕೆ ಪ್ರಮಾಣಪತ್ರವನ್ನು ಮಾರ್ಚ್ 31ರೊಳಗೆ ಒಪ್ಪಿಸಿ. ಹಣಕಾಸು ವರ್ಷ ದಾಟಿದರೆ ಬಾಕಿ ಕಂತು ಬರುವುದು ತಡವಾಗುತ್ತದೆ.